ಹೆಡ್ ಬೋಲ್ಟಿಗೆ ಕೈ ಅಂದಾಜು ಸಾಲದು

ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಮೇಲಿನ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಬದಲಿಸಿ, ಹಳೇ ಬೋಲ್ಟಿಗೇ ಎಣ್ಣೆ ಹಚ್ಚಿ ಬಿಗಿ ಮಾಡಬಹುದಾ ಅಂತ ಕೇಳಿದ್ದೀರಿ. ಮೊದಲು ಗಾಡಿಯ ಮ್ಯಾನುವಲ್ ನೋಡ್ರಿ ಸರ್. ಟಾರ್ಕ್ (ತಿರುಗಿಸುವ ಬಲ) ಕೊಟ್ಟಮೇಲೆ ಮತ್ತೆ '90 ಡಿಗ್ರಿ ತಿರುಗಿಸಿ' ಅಂತಿದ್ದರೆ ಅವು ಹೆಚ್ಚಾಗಿ ಜಗ್ಗಿ ಉದ್ದವಾಗುವ ಬೋಲ್ಟ್‌ಗಳು. ಎರಡನೇ ಸಲ ಅದೇ ಹಿಡಿತ ಸಿಗಲ್ಲ, ಹೊಸದೇ ಹಾಕಿ. ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ, ಎರಡು-ಮೂರು ಸುತ್ತಿನಲ್ಲಿ.

ಎಣ್ಣೆ ಮ್ಯಾನುವಲ್ ಹೇಳಿದರೆ ಮಾತ್ರ, ಅದೂ ತೆಳ್ಳಗೆ. ಬ್ಲಾಕಿನ ಬೋಲ್ಟ್ ತೂತಿನ ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟಿನ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಹುಬ್ಬಳ್ಳಿಯ ನಮ್ಮ ಮನೆ ಮುಂದೆ ಹೆಡ್ ಕೂರಿಸುವಾಗ ಅಮ್ಮನ ಹಳೇ ಸೀರೆ ತುಂಡನ್ನು ಸ್ಕ್ರೂಡ್ರೈವರಿಗೆ ಸುತ್ತಿ ಹತ್ತೂ ತೂತು ಒರೆಸಿದ್ದೆ. ನಾಲ್ಕನೆಯದರಲ್ಲಿ ಕೂಲಂಟ್ ಇತ್ತು!

ಟಾರ್ಕ್ ರೆಂಚ್, ಅಂದರೆ ಬಲ ಅಳೆದು ಬಿಗಿ ಮಾಡುವ ಪಾನಾ, 'ಟಕ್' ಅಂದರೆ ನಿಲ್ಲಿಸಿ. 'ಇನ್ನೊಂದು ಜಗ್ಗು ಇರಲಿ' ಅನ್ನೋ ಚಟ ನಮ್ಮ ಕಡೆ ಜಾಸ್ತಿ, ಅಲ್ವಾ?