ಮಷೀನ್ ಬಂದ್ ಆದ್ರ ನಮಗ ರಜಾ ಇರಲ್ಲ

ತಮ್ಮಾ, ನಿನ್ನ ಪತ್ರ ಓದ್ದೆ. ಸೇಡಂ ಕಡಿಯವ ನೀ, ಕಲಬುರಗಿಯೊಳಗ ಎಂ.ಎಸ್ಸಿ. ಮುಗಿಸಿದಿ, ಈಗ ಹ್ಯಾಂಬರ್ಗ್‌ನಾಗ ಪಿಎಚ್.ಡಿ. ಸಿಕ್ಕದ. ಮನಸ್ಸು ಇದ್ದದ್ದು ಗೇಜ್ ಥಿಯರಿ, ಅಂದ್ರ ಕಣಗಳ ನಡುವಿನ ಬಲಗಳ ಗಣಿತದ ಮ್ಯಾಲ, ಹಾಕಿದ್ದು ಜಿನೀವಾ ಹತ್ರದ ಎಲ್‌ಎಚ್‌ಸಿ ಅನ್ನೋ ಪ್ರೋಟಾನ್ ಡಿಕ್ಕಿ ಮಷೀನ್‌ನಾಗ ಕುಂತ ಸಿಎಮ್‌ಎಸ್ ಡಿಟೆಕ್ಟರಿಗಿ ಹೊಸ ಟ್ರ್ಯಾಕರ್, ಅಂದ್ರ ಕಣ ಹಾದ ದಾರಿ ಹಿಡಿಯೋ ಭಾಗ, ಕಟ್ಟೋ ಗುಂಪಿಗಿ. "ಇದು ಫಿಸಿಕ್ಸೋ, ಮೆಕ್ಯಾನಿಕ್ ಕೆಲಸಾನೋ? ಚಳಿ, ಊಟ, ಖೋಲಿ ಹೆಂಗ? ನಾಕು ವರ್ಷಕ್ಕ ತಿರುಗಿ ಬರ್ತೀನಂತ ಮನ್ಯಾಗ ಹೇಳ್ಲೇನು?" ಅಂತ ಕೇಳೀದಿ.

ಸಣ್ಣವು ಮೊದಲ ಮುಗಸ್ತೀನಿ. ಜಾಕೀಟು ಇಲ್ಲೇ ಬಂದು ತಗೊ. ಕಲಬುರಗಿಯ ಸೂಪರ್ ಮಾರ್ಕೆಟ್‌ನಾಗ ತಗೊಂಡದ್ದು ಇಲ್ಲಿ ಮಳಿ-ಗಾಳಿಗಿ ತಡಿಯಲ್ಲ. ಖರೇ ಅಂದ್ರ ಚಳಿಗಿಂತ ಕತ್ತಲಿ ಜಾಸ್ತಿ ಕಾಡ್ತದ, ಡಿಸೆಂಬರ್‌ನಾಗ ಮಧ್ಯಾಹ್ನ ನಾಕಕ್ಕೇ ಹೊತ್ತು ಮುಳುಗ್ತದ. ಜ್ವಾಳದ ಹಿಟ್ಟು ಸಿಗ್ತದ, ಆದ್ರ ಹಳೀದಿರ್ತದ, ಜಿಗಿ ಹೋಗಿರ್ತದ, ಬಡೀಲಾಕ ಹೋದ್ರ ಹರೀತದ. ಅವ್ವಗ ಹೇಳಿ ಖಡಕ್ ರೊಟ್ಟಿ ಕಟ್ಟಿಸ್ಕೊಂಡು ಬಾ, ಶೇಂಗಾ ಹಿಂಡಿ ಹೆಂಗೂ ಆಕೀನೇ ಇಡ್ತಾಳ. ಖೋಲಿ ಸಿಗೋದು ತ್ರಾಸದ. ಸಿಕ್ಕ ಕೂಡ್ಲೆ ವಿಳಾಸ ನೋಂದಣಿ ಮಾಡ್ಸು, ಅದಿಲ್ಲದ ಯಾವ ಕಾಗದಾನೂ ಮುಂದ ಹೋಗಲ್ಲ. ಟಿವಿ ಇರ್ಲಿ ಬಿಡ್ಲಿ, ಮನಿಗೊಂದರಂಗ ತಿಂಗಳಿಗಿ 18.36 ಯೂರೋ ರೇಡಿಯೋ ಶುಲ್ಕದ ಚೀಟಿ ಬರ್ತದ. ಮೋಸ ಅಲ್ಲ ಅದು, ಕಟ್ಟು. ರವಿವಾರ ಅಂಗಡಿ ಬಂದ್ ಇರ್ತಾವ.

ಇನ್ನ ಮೆಕ್ಯಾನಿಕ್ ಮಾತು. ನಮ್ಮ ಕಡಿ ಹುಡುಗರಿಗಿ ಇದೊಂದು ಅದ: ಪೆನ್ನು ಹಿಡಿದಾವ ದೊಡ್ಡಾವ, ಪಾನಾ ಹಿಡಿದಾವ ಸಣ್ಣಾವ. ನನಗೂ ಹಂಗೇ ಹೇಳಿ ಬೆಳಿಸಿದ್ರು. ನೀ ಬರೋ ಊರಿನ ಕಥಿ ಕೇಳು. ಯಾಂಗ್ ಮತ್ತ ಮಿಲ್ಸ್ ತಮ್ಮ ಗೇಜ್ ಥಿಯರಿ ಬರೆದದ್ದು 1954ರಾಗ. ಪ್ರೋಟಾನಿನ ಒಳಗಿನ ಕ್ವಾರ್ಕ್ ಅನ್ನೋ ಕಣಗಳ್ನ ಬಿಗಿದಿಡೋ ಬಲಕ್ಕ ಅದೇ ಚೌಕಟ್ಟು ಹೊಂದ್ತದ ಅಂತ ಗ್ರಾಸ್, ವಿಲ್ಜೆಕ್, ಪೊಲಿಟ್ಸರ್ 1973ರಾಗ ಲೆಕ್ಕ ತೋರ್ಸಿದ್ರು. ಲೆಕ್ಕ ಚಂದಿತ್ತು, ಆದ್ರ ಆ ಬಲ ಹೊರೋ ಗ್ಲುವಾನ್ ಅನ್ನೋದರ ಗುರುತು ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಬಿದ್ದದ್ದು 1979ರಾಗ, ಇದೇ ಹ್ಯಾಂಬರ್ಗ್‌ನ ಡೇಸಿ ಪ್ರಯೋಗಾಲಯದಾಗ, ಕಣಗಳ್ನ ಸುತ್ತಿಸಿ ಡಿಕ್ಕಿ ಹೊಡಿಸೋ ಪೆಟ್ರಾ ರಿಂಗ್‌ನಾಗ. ಎಲೆಕ್ಟ್ರಾನು-ಪಾಸಿಟ್ರಾನು ಡಿಕ್ಕಿ ಹೊಡೆದಾಗ ಸಾಮಾನ್ಯಕ್ಕ ಕಣಗಳ ಎರಡು ಗುಂಪು ಎದುರುಬದುರು ಹಾರ್ತಿದ್ವು. ಕೆಲವೊಮ್ಮೆ ಮೂರು ಬಂದ್ವು. ಆ ಮೂರನೇದು ಗ್ಲುವಾನ್‌ನಿಂದ ಹುಟ್ಟಿದ್ದು. ಅದು ಮೂರು ಅಂತ ಗೊತ್ತಾದದ್ದು ಹೆಂಗ? ಹೆಚ್ಚಾಗಿ, ತಂತಿ ಬಿಗಿದ ಕೋಣಿಗಳ ಒಳಗ ಒಂದೊಂದು ಕಣ ಹಾದುಹೋದ ಗೆರಿ ಸಿಕ್ಕಿದ್ದಕ್ಕ. ಟಾಸ್ಸೋ, ಜೇಡ್, ಮಾರ್ಕ್-ಜೆ, ಪ್ಲೂಟೋ ಅಂತ ನಾಕು ಡಿಟೆಕ್ಟರ್ ಇದ್ವು. ಅವುಗಳ ತಂತಿ ಬಿಗಿದವರು ಫಿಸಿಕ್ಸ್ ಮಾಡ್ಲಿಲ್ಲ ಅನ್ನೋ ಧೈರ್ಯ ನನಗಂತೂ ಇಲ್ಲ. (ದೂರ ಯಾಕ, 1965ರಾಗ ಆಕಾಶದಿಂದ ಬರೋ ನ್ಯೂಟ್ರಿನೋ ಅನ್ನೋ ಕಣಗಳ ಗುರುತು ನಮ್ಮ ಕೋಲಾರ ಚಿನ್ನದ ಗಣಿಯ ಆಳದಾಗ ಸಿಕ್ಕಿತ್ತು. ಇಲ್ಲಿ ಕ್ಯಾಂಟೀನಿನಾಗ ಯಾರರ ಕರ್ನಾಟಕ ಎಲ್ಲದ ಅಂತ ಕೇಳಿದ್ರ ನಾ ಅಲ್ಲಿಂದನೇ ಸುರು ಮಾಡ್ತೀನಿ.)

ನೀ ಕೈಯಾರೆ ಕಟ್ಟೋ ಮಾಡ್ಯೂಲು (ಟ್ರ್ಯಾಕರ್‌ನ ಒಂದೊಂದು ತುಂಡು) ಹೆಂಗ ಯೋಚನಿ ಮಾಡ್ತದ ಅಂತ ನೋಡಿದ್ರ ನಿನ್ನ ಬ್ಯಾಸರ ಹೋಗ್ತದ. ಎರಡು ಸಿಲಿಕಾನ್ ಸೆನ್ಸರು, ನಡುವ ಕೆಲವೇ ಮಿಲಿಮೀಟರ್ ಸಂದು. ಸುತ್ತ 3.8 ಟೆಸ್ಲಾ ಕಾಂತಕ್ಷೇತ್ರ. ಸಂವೇಗ (ಮೊಮೆಂಟಮ್) ಕಡಿಮಿ ಇದ್ದ ಕಣ ಭಾಳ ಬಾಗ್ತದ, ಹಂಗಾಗಿ ಮ್ಯಾಲಿನ ಸೆನ್ಸರಿನಾಗ ಅದರ ಗುರುತು ಪಕ್ಕಕ್ಕ ಸರದಿರ್ತದ. ಜೋರಿದ್ದ ಕಣ ಹೆಚ್ಚು ಕಡಿಮಿ ನೆಟ್ಟಗ ಹಾಯ್ತದ. ಇದನ್ನ ಮಾಡ್ಯೂಲು ತನ್ನ ಮೈಯಾಗೇ ಹೋಲಿಸಿ, ಬ್ಯಾಡಾದದ್ದು ಅಲ್ಲೇ ಬಿಟ್ಟು, ಬೇಕಾದದ್ದಷ್ಟೇ ಹೊರಗ ಕಳಸ್ತದ. 25 ನ್ಯಾನೋಸೆಕೆಂಡಿಗೊಮ್ಮೆ ಪ್ರೋಟಾನ್ ಗುಂಪು ಎದುರಾಗ್ತಾವ, ಎಲ್‌ಎಚ್‌ಸಿಯ ಮುಂದಿನ ಹಂತದಾಗ ಒಂದೊಂದು ಸಲಕ್ಕ 140ರಿಂದ 200 ಡಿಕ್ಕಿ. ಆ ಗದ್ದಲದಾಗ ಸೆನ್ಸರುಗಳು ಒಂದಕ್ಕೊಂದು ತಿರುಚಿ ಕುಂತಿದ್ರ ಈ ಹೋಲಿಕಿ ಕೆಡ್ತದ. ಅದಕ್ಕೇ ಅಂಟು ಹಚ್ಚೋವಾಗ ಮೈಕ್ರಾನ್ ಲೆಕ್ಕ ಕೇಳ್ತಾರ.

ಈಗ ನೀ ಕೇಳಿದ ಕಡೀ ಮಾತು, ಮನಿಗಿ ಏನು ಹೇಳೋದು. ನಾ ಬಂದದ್ದು 2012ರಾಗ, ಹಿಗ್ಸ್ ಕಣ ಸಿಕ್ತು ಅಂತ ಜುಲೈ 4ಕ್ಕ ಸಾರಿದ ಮ್ಯಾಲಿನ ಚಳಿಗಾಲಕ್ಕ. ನಮ್ಮದು ವಾಡಿ. ಬರೋವಾಗ ಅವ್ವಗ ಹೇಳಿದ್ದೆ, 2016ರ ದಸರಾಕ್ಕ ಬಂದುಬಿಡ್ತೀನಿ, ಕಲಬುರಗಿಯೊಳಗೇ ಎಲ್ಲರ ಕಲಿಸ್ತೀನಿ ಅಂತ. ಆ ವರ್ಷ ಬಂತು. ಸಿಎಮ್‌ಎಸ್‌ನ ನಟ್ಟನಡುವ ಕೂಡೋ ಹೊಸ ಪಿಕ್ಸೆಲ್ ಡಿಟೆಕ್ಟರ್ 2017ರ ಆರಂಭಕ್ಕ ಒಳಗ ಇಳಿಬೇಕಿತ್ತು, ಬಿಟ್ಟು ಬರೋ ಹೊತ್ತಲ್ಲ. ಆಮ್ಯಾಲ 2018ರ ಡಿಸೆಂಬರ್‌ಗಿ ಎಲ್‌ಎಚ್‌ಸಿ ದೊಡ್ಡ ರಿಪೇರಿಗಿ ನಿಂತ್ತು. ಊರಾಗ ಯಾರೋ ಪೇಪರ್‌ನಾಗ ಓದಿ ಮನಿಗಿ ಹೇಳಿದ್ರು. ಸುರುವಾಯ್ತು ನೋಡು ಫೋನು: "ಮಷೀನೇ ಬಂದ್ ಅದಂತಲ್ಲ, ಅಲ್ಲಿ ಕುಂತು ಏನ್ ಮಾಡ್ತಿ? ಬಾ."

ಡಿಟೆಕ್ಟರ್‌ನವರಿಗಿ ಮಷೀನ್ ನಿಂತಾಗಲೇ ಕೆಲಸ. ಓಡೋವಾಗ ನೂರು ಮೀಟರ್ ನೆಲದ ಕೆಳಗ ಡಿಟೆಕ್ಟರ್ ಇರೋ ಗುಹಿಯೊಳಗ ಯಾರನ್ನೂ ಬಿಡಲ್ಲ. ನಿಂತಾಗ ಪಿಕ್ಸೆಲ್ ಹೊರಗ ತಗೀಬೇಕು, ಒಳಗಿನ ಪದರ ಬದಲಿಸ್ಬೇಕು, ತಿರುಗಿ ಇಳಸ್ಬೇಕು. ವಿಕಿರಣ ತಿಂದ ಸಿಲಿಕಾನ್ ಬೆಚ್ಚಗ ಬಿಟ್ರ ಇನ್ನಷ್ಟು ಕೆಡ್ತದ, ಅದಕ್ಕ ಹೊರಗಿದ್ದಾಗಲೂ ಅದನ್ನ ಥಂಡ್ಯಾಗೇ ಇಟ್ಟು ಕಾಯ್ಬೇಕು. ಇದೆಲ್ಲ ನಾ ಕಾಕಾಗ, ಮಾವಗ, ಅಕ್ಕಗ ಹೇಳಿ ಹೇಳಿ ಸೋತೆ. ತಿಳಿದದ್ದು ಅಪ್ಪಗ ಒಬ್ಬರಿಗೇ. ವಾಡಿ ಜಂಕ್ಷನ್‌ನಾಗ ರೈಲ್ವೆ ಗ್ಯಾಂಗ್‌ನಾಗ ಇದ್ದವರು ಅವರು. "ಲೈನ್ ಬ್ಲಾಕ್ ಇದ್ದಂಗ ಅಲ್ಲೇನು? ಗಾಡಿ ನಿಂತಾಗೇ ಗ್ಯಾಂಗ್‌ನವರಿಗಿ ಕೆಲಸ" ಅಂದ್ರು. ಕಣವಿಜ್ಞಾನ ಓದಿದವರೂ ಇಷ್ಟು ಸರಿಯಾಗಿ ಹೇಳಿದ್ದು ನಾ ಕೇಳಿಲ್ಲ.

ಅಷ್ಟು ತಿಳಿದದ್ದೇ ನನಗ ಮುಳ್ಳಾಗಿ ಉಳಿದದ. ಅವತ್ತಿನಿಂದ ಅಪ್ಪ ಒಮ್ಮೆಯೂ "ಬಾ" ಅನ್ಲಿಲ್ಲ. ಉಳಿದವರು ಬೈತಿದ್ರು, ಇವರು ಅವರನ್ನೇ ಸುಮ್ಮನಿರ್ಸ್ತಿದ್ರು. ನಾ ಹೇಳಿದ ತಾರೀಖು ನಂಬಿ ಮ್ಯಾಲೊಂದು ಖೋಲಿ ಕಟ್ಟಿಸಿ, ಶಹಾಬಾದ್ ಕಲ್ಲು ಹಾಸಿ, ಪುಸ್ತಕಕ್ಕಂತ ಗೋಡ್ಯಾಗ ಗೂಡು ಬಿಡಿಸಿದ್ರು ಅನ್ನೋದು ನನಗ ಅಕ್ಕ ಹೇಳಿ ಗೊತ್ತಾದದ್ದು. 2021ರ ಬ್ಯಾಸಗಿಯೊಳಗ, ಕೊರೊನಾದ ಎರಡನೇ ಅಲೆಯಾಗ ಅಪ್ಪ ಹೋದ್ರು. ಹೊತ್ತಿಗಿ ವಿಮಾನ ಸಿಗ್ಲಿಲ್ಲ. ಫೋನಿನಾಗ ನೋಡ್ದೆ. ಆ ವರ್ಷದ ನಡುವ ಪಿಕ್ಸೆಲ್ ತಿರುಗಿ ಒಳಗಿಳೀತು, 2022ರಾಗ ಡಿಕ್ಕಿಗಳು ಸುರುವಾದ್ವು, ನಮ್ಮ ಪದರ ಚಂದ ನಡೀತು. ಹೆಮ್ಮಿ ಇಲ್ಲಂದ್ರ ಸುಳ್ಳಾಗ್ತದ.

ಹಂಗಂತ ನೀ ಬರಬ್ಯಾಡ ಅಂತಿಲ್ಲ. ಲೆಕ್ಕ ಹಾಕಿ ಬಾ. ಹೊಸ ಟ್ರ್ಯಾಕರ್ ಇಳಿಸೋ ದೊಡ್ಡ ನಿಲುಗಡೆಗಿ ಗೊತ್ತು ಮಾಡಿದ ಹೊತ್ತು 2026ರ ನಡುವ, ಹೊಸ ಟ್ರ್ಯಾಕರ್‌ನಾಗ ಡಿಕ್ಕಿ ಬರೋದು 2030ರ ಸುಮಾರಿಗಿ. ಅಂದ್ರ ನೀ ಅಂಟಿಸಿದ ಮಾಡ್ಯೂಲು ಮೊದಲ ಪ್ರೋಟಾನ್ ನೋಡೋವಾಗ ನಿನ್ನ ಪಿಎಚ್.ಡಿ. ಮುಗಿದಿರ್ತದ. ಬರೋ ದಿನವೇ ಗೈಡ್‌ಗ ಕೇಳು: ನನ್ನ ಥೀಸಿಸಿಗಿ ಡೇಟಾ ಎಲ್ಲಿಂದ? ಈಗಾಗ್ಲೇ ಕೂಡಿಟ್ಟ ಡೇಟಾದಾಗ ಗೇಜ್ ಬೋಸಾನ್‌ಗಳ, ಅಂದ್ರ ಬಲ ಹೊರೋ ಕಣಗಳ, ಅಳತಿ ಮಾಡೋ ವಿಷಯ ಒಂದು ಕೊಡ್ರಿ ಅನ್ನು. ಬೆಂಚಿನ ಮ್ಯಾಲ ಅರ್ಧ, ಅನಾಲಿಸಿಸ್ ಅರ್ಧ, ಹಂಗ ಮಾಡೋವರು ಭಾಳ ಮಂದಿ ಇದ್ದಾರ. ನಿನ್ನ ಥಿಯರಿ ಆಸೆಗೂ ಅಲ್ಲಿ ದಾರಿ ಅದ.

ಮನ್ಯಾಗ ಮಾತ್ರ ತಾರೀಖು ಹೇಳಬ್ಯಾಡ. ವರ್ಷಕ್ಕ ಒಂದು ಸಲ ಬರ್ತೀನಿ ಅನ್ನು, ಶರಣಬಸವೇಶ್ವರ ಜಾತ್ರಿಗಿ ಬರ್ತೀಯೋ, ಡಿಸೆಂಬರ್‌ನಾಗ ತೊಗರಿ ರಾಶಿಗಿ ಬರ್ತೀಯೋ ನಿನಗ ಬಿಟ್ಟದ್ದು. ಆ ರಜಾ ಮಾತ್ರ ಸೇರಿದ ವಾರದಾಗೇ ಬರೆಸಿಟ್ಕೊ, ಕೊನೀಗಿ ಕೇಳಿದ್ರ ಶಿಫ್ಟ್ ಪಟ್ಟಿ ತುಂಬಿರ್ತದ. ಹೈದರಾಬಾದಿಗಿ ಟಿಕೀಟು ಮಾಡ್ಸು, ಅಲ್ಲಿಂದ ಸೇಡಂ ನಿನಗ ಹತ್ರಾನೇ ಆಗ್ತದ.