ಪೊರಕೆ ಹುಡುಗಿಯರಿಗೆ, ಆಟ ಹುಡುಗರಿಗೆ: ಶಾಲೆಯ ಈ ಭೇದಕ್ಕೆ ಎಲ್ಲಿ ದೂರು ಕೊಡಬೇಕು?

ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಪ್ರಶ್ನೆಗಳಿಗೆ ಮಕ್ಕಳ ಪ್ರಕರಣಗಳನ್ನು ನೋಡುವ ವಕೀಲರೊಬ್ಬರ ಉತ್ತರ. ಕೇಳಿದವರ ಗುರುತು ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸ್. ದಿನಾ ಬೆಳಿಗ್ಗೆ ಕಸ ಗುಡಿಸೋದು, ಕೊಡದಲ್ಲಿ ನೀರು ತರೋದು ಹುಡುಗಿಯರೇ. ಆ ಹೊತ್ತಿಗೆ ಹುಡುಗರು ಫೀಲ್ಡ್‌ನಲ್ಲಿ ಆಡ್ತಿರ್ತಾರೆ. ಇವಳಿಗೆ ಕಬಡ್ಡಿ ಅಂದ್ರೆ ಪ್ರಾಣ. ಕೇಳಿದ್ರೆ ‘ನೀವು ಥ್ರೋಬಾಲ್ ಆಡಿ’ ಅಂತಾರಂತೆ. ಹೆಚ್‌ಎಂ ಹತ್ತಿರ ಹೋದೆ. ‘ಹೆಣ್ಮಕ್ಕಳಲ್ವಾ, ನಾಳೆ ಮಾಡಲೇಬೇಕಲ್ಲಮ್ಮ’ ಅಂದ್ರು. ಇಷ್ಟು ಚಿಕ್ಕ ವಿಷಯಕ್ಕೆ ದೂರು ಕೊಡಬಹುದಾ?

ಉತ್ತರ: ಧಾರಾಳವಾಗಿ ಕೊಡಬಹುದು. ಚಿಕ್ಕ ವಿಷಯ ಅಂತ ನೀವೇ ಯಾಕಮ್ಮ ತೀರ್ಮಾನ ಮಾಡಿಬಿಟ್ಟಿರಿ? ಪಾಳಿ ಹಾಕಿ ಹುಡುಗ, ಹುಡುಗಿ ಎಲ್ಲರೂ ಕ್ಲಾಸ್ ರೂಮು ಗುಡಿಸಿದರೆ ನನ್ನ ತಕರಾರಿಲ್ಲ. ಹುಡುಗಿ ಅಂತ ಪೊರಕೆ ಕೊಟ್ಟರೆ ತಕರಾರಿದೆ. ಶೌಚಾಲಯ ತೊಳೆಸುವುದಂತೂ ಯಾವ ಮಕ್ಕಳಿಂದಲೂ ಕೂಡದು.

ಲಿಂಗದ ಕಾರಣಕ್ಕೆ ಸರ್ಕಾರ ಯಾರಿಗೂ ಭೇದ ಮಾಡಬಾರದು ಎನ್ನುತ್ತದೆ ಸಂವಿಧಾನದ 15ನೇ ವಿಧಿ. ಸರ್ಕಾರಿ ಶಾಲೆ ಸರ್ಕಾರವೇ ತಾನೆ? ಇನ್ನು 6ರಿಂದ 14 ವರ್ಷದ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ನಾವು ಆರ್‌ಟಿಇ ಅಂದರೆ ಖಾಸಗಿ ಶಾಲೆಯ ಶೇ 25 ಸೀಟು ಅಂತಷ್ಟೇ ತಿಳಿದಿದ್ದೇವೆ. ಅದೇ ಕಾಯ್ದೆಯ 2010ರ ಕೇಂದ್ರ ನಿಯಮಗಳನ್ನು ಓದಿ ನೋಡಿ. ಶಾಲೆಯಲ್ಲಿ ಯಾವ ಮಗುವಿಗೂ ಜಾತಿ, ಧರ್ಮ, ಲಿಂಗದ ಹೆಸರಲ್ಲಿ ನಿಂದನೆ, ಕಿರುಕುಳ ಆಗಬಾರದು ಎಂದಿದೆ. ದುರ್ಬಲ ವರ್ಗದ, ಅವಕಾಶ ಸಿಗದ ಗುಂಪುಗಳ ಮಕ್ಕಳಿಗೆ ಎಲ್ಲೆಲ್ಲಿ ಭೇದ ಮಾಡಬಾರದು ಅಂತ ಜಾಗಗಳನ್ನೇ ಹೆಸರಿಸಿದೆ: ಕ್ಲಾಸು, ಬಿಸಿಯೂಟ, ಆಟದ ಮೈದಾನ, ಕುಡಿಯುವ ನೀರು, ಶೌಚಾಲಯ, ಕೊಠಡಿ ಗುಡಿಸುವ ಕೆಲಸ. ನಿಯಮ ಬರೆದವರಿಗೆ ನಮ್ಮ ಶಾಲೆಗಳ ಬೆಳಗಿನ ಹೊತ್ತು ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಈಗ ಕೆಲಸದ ಮಾತು. ಇನ್ನೊಂದು ಸಲ ಬಾಯಲ್ಲಿ ಹೇಳಬೇಡಿ, ಒಂದು ಹಾಳೆಯಲ್ಲಿ ಬರೆಯಿರಿ. ‘ಶಾಲೆಯಲ್ಲಿ ತಾರತಮ್ಯ ನಡೆಯುತ್ತಿದೆ’ ಅಂತ ಬರೆದರೆ ‘ಪರಿಶೀಲಿಸಲಾಗುವುದು’ ಅಂತ ಬರುತ್ತೆ, ಅಲ್ಲಿಗೆ ಮುಗೀತು. ಹೀಗೆ ಬರೆಯಿರಿ: ‘ಈ ತಿಂಗಳು ಸೋಮವಾರದಿಂದ ಶನಿವಾರದವರೆಗೆ ಪ್ರಾರ್ಥನೆಗೆ ಮುಂಚೆ ಏಳನೇ ತರಗತಿಯ ಹೆಣ್ಣುಮಕ್ಕಳು ಮಾತ್ರ ಕೊಠಡಿ ಗುಡಿಸಿದ್ದಾರೆ. ಗಂಡುಮಕ್ಕಳಿಗೆ ಪಾಳಿ ಹಾಕಿಲ್ಲ. ನನ್ನ ಮಗಳು ಕಬಡ್ಡಿಗೆ ಹೆಸರು ಕೊಡಲು ಹೋದಾಗ ಹುಡುಗಿ ಎಂದು ತೆಗೆದುಕೊಂಡಿಲ್ಲ. ಎಲ್ಲರಿಗೂ ಪಾಳಿ ಹಾಕಬೇಕು, ಕಬಡ್ಡಿ ಆಡಲು ಬಿಡಬೇಕು.’ ದಿನ, ಜಾಗ, ನಡೆದದ್ದು, ನಿಮಗೆ ಬೇಕಾದದ್ದು. ಅಷ್ಟು ಸಾಕು.

ಒಂದು ಪ್ರತಿ ಹೆಚ್‌ಎಂಗೆ, ಒಂದು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ. ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಕಡೆ ಎಷ್ಟೋ ಊರಲ್ಲಿ ಪುಸ್ತಕದಲ್ಲಿ ಹೆಂಡತಿ ಹೆಸರು, ಮೀಟಿಂಗ್‌ಗೆ ಗಂಡ. ಹಾಗಾಗಿ ಆ ಹೆಂಗಸರ ಮನೆಗೇ ಹೋಗಿ ಮಾತಾಡಿ. ಅಲ್ಲಿ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಗ್ರಾಮ ಪಂಚಾಯ್ತಿಗೂ ಒಂದು ಪ್ರತಿ ಇರಲಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನ ಕೊಡಬೇಕು. ಸಮಾಧಾನ ಆಗದಿದ್ದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಎಲ್ಲೇ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ. ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಮಗಳನ್ನೂ ಕಳಿಸಿ. ಅಲ್ಲಿ ಅವಳೇ ಎದ್ದು ನಿಂತು ಕೇಳಬಹುದು.

ಪ್ರಶ್ನೆ: ಕೊಪ್ಪದ ಹತ್ತಿರ ನನ್ನ ತಂಗಿ ಮಗ ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸ್, 13 ವರ್ಷ. ಮೆತ್ತಗೆ ಮಾತಾಡ್ತಾನೆ, ಡಾನ್ಸ್ ಇಷ್ಟ. ಮೇಷ್ಟ್ರೇ ಕ್ಲಾಸಲ್ಲಿ ‘ಹೆಣ್ಣಿಗ’ ಅಂತ ಕರೀತಾರೆ. ಹೋಮ್‌ವರ್ಕ್ ತರದಿದ್ರೆ ಹುಡುಗಿಯರ ಬೆಂಚಲ್ಲಿ ಕೂರಿಸ್ತಾರೆ. ಕೇಳಿದ್ದಕ್ಕೆ ‘ಟಿಸಿ ತಗೊಂಡು ಹೋಗಿ’ ಅಂದರು. ಹುಡುಗರಿಗೂ ಇಂಥ ಕಾನೂನು ಇದೆಯಾ?

ಉತ್ತರ: ಇದೆ. ಆರ್‌ಟಿಇ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಾಡಿದವರ ಮೇಲೆ ಶಿಸ್ತುಕ್ರಮ ಆಗಬೇಕು. ಖಾಸಗಿ ಶಾಲೆಗೂ ಇದು ಅನ್ವಯ. ಹುಡುಗಿಯರ ಪಕ್ಕ ಕೂರಿಸುವುದೇ ಶಿಕ್ಷೆ ಅಂದರೆ ಆ ಬೆಂಚಿನಲ್ಲಿ ಕೂತ ಹುಡುಗಿಯರಿಗೆ ಏನು ಹೇಳಿದ ಹಾಗಾಯ್ತು? ಒಂದೇ ಏಟಿಗೆ ಇಬ್ಬರಿಗೂ ಅವಮಾನ.

ಟಿಸಿ ಬೆದರಿಕೆಗೆ ಹೆದರಬೇಡಿ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಹಾಗಿಲ್ಲ. ಇದು 16ನೇ ಸೆಕ್ಷನ್. ‘ಸ್ವಂತ ಇಚ್ಛೆಯಿಂದ ಟಿಸಿ ಪಡೆಯುತ್ತಿದ್ದೇವೆ’ ಎಂಬ ಕಾಗದಕ್ಕೆ ಮಾತ್ರ ತಂಗಿ ಸಹಿ ಹಾಕದಿರಲಿ. ದೂರು ಬಿಇಒಗೆ, ಚಿಕ್ಕಮಗಳೂರಿನ ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು). ಪ್ರತಿ ಆಯೋಗಕ್ಕೆ.

ಇನ್ನೊಂದು ಮಾತು. ಹುಡುಗ ‘ಏನು’ ಅಂತ ಮನೆಯವರು ಸೇರಿ ತೀರ್ಮಾನಿಸಲು ಹೋಗಬೇಡಿ. ಮೆತ್ತಗೆ ಮಾತಾಡುವ ಹುಡುಗ ಮೆತ್ತಗೆ ಮಾತಾಡುವ ಹುಡುಗನೇ ಇರಬಹುದು. ಮುಂದೆ ತಾನು ಬೇರೆ ಅಂತ ಅವನೇ ಹೇಳಿಕೊಂಡರೆ, ಟ್ರಾನ್ಸ್‌ಜೆಂಡರ್ ಜನರ ಹಕ್ಕು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, ಶಾಲೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಭೇದ ಮಾಡಬಾರದು ಎನ್ನುವ 2019ರ ಕಾಯ್ದೆ ಎರಡೂ ಇವೆ. ಸದ್ಯಕ್ಕೆ ಮೇಷ್ಟ್ರ ಬಾಯಿ ಮುಚ್ಚಿಸಲು ಆರ್‌ಟಿಇ ಸಾಕು.

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗಳು ‘ಟೈಟಲ್ ನೈನ್’ ಅಂತ ಹೇಳ್ತಿರ್ತಾಳೆ. ನಮ್ಮಲ್ಲಿ ಅಂಥದ್ದು ಇಲ್ವಾ? (ಸಕಲೇಶಪುರ)

ಉತ್ತರ: ಅದು ಅಲ್ಲಿನ 1972ರ ಕಾನೂನು. ಅಲ್ಲಿಯ ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಲಿಂಗಭೇದ ಮಾಡುವಂತಿಲ್ಲ. ದೂರು ನೋಡಲು ಒಬ್ಬರನ್ನು ನೇಮಿಸಲೇಬೇಕು. ನಮ್ಮಲ್ಲಿ ಹಾಗೆ ಒಂದೇ ಕಾನೂನು ಇಲ್ಲ. ಹಕ್ಕು ಇದೆ, ಆದರೆ ಸಂವಿಧಾನ, ಆರ್‌ಟಿಇ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಅಂತ ನಾಲ್ಕಾರು ಕಡೆ ಚದುರಿದೆ. ಜನ ಅರ್ಧ ದಾರಿಯಲ್ಲೇ ಕೈಬಿಡುವುದು ಅದಕ್ಕೇ. ತಪ್ಪಾದ ಕಚೇರಿಗೆ ಹೋದರೆ ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಹಿಂಬರಹ ಕೈಗಿಡುತ್ತಾರೆ. ಹತ್ತಿರದ ಹೋಲಿಕೆ ಅಂದರೆ ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿ. ಇದು 2013ರ ಕಾಯ್ದೆಯಿಂದ ಬಂದದ್ದು. 10 ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಇರಲೇಬೇಕು. ಅದು ಕೆಲಸಕ್ಕೆ ಹೋಗುವ ಹೆಂಗಸರಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಯಾವ ವಯಸ್ಸಿನ, ಉದ್ಯೋಗವಿರುವ ಅಥವಾ ಇಲ್ಲದ ಹೆಣ್ಣುಮಗಳೂ ದೂರು ಕೊಡಬಹುದು. ವಿದ್ಯಾರ್ಥಿನಿಯೂ ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು.

ಪ್ರಶ್ನೆ: ನಾನು ಹಾಸನದಲ್ಲಿ ಸೆಕೆಂಡ್ ಪಿಯು, 17 ವರ್ಷ. ಒಬ್ಬ ಲೆಕ್ಚರರ್ ರಾತ್ರಿ ವಾಟ್ಸಾಪ್‌ನಲ್ಲಿ ಫೋಟೋ ಕೇಳ್ತಾರೆ, ಕೆಟ್ಟದಾಗಿ ಬರೀತಾರೆ. ರಿಪ್ಲೈ ಮಾಡದಿದ್ರೆ ಪ್ರಾಕ್ಟಿಕಲ್ ಮಾರ್ಕ್ಸ್ ಅಂತಾರೆ. ಮನೆಯಲ್ಲಿ ಹೇಳಿದ್ರೆ ಕಾಲೇಜು ಬಿಡಿಸಿ ಮದುವೆ ಮಾಡ್ತಾರೆ ಅಂತ ಭಯ.

ಉತ್ತರ: ಮಗೂ, ತಪ್ಪು ನಿನ್ನದಲ್ಲ. ಮೆಸೇಜು ಡಿಲೀಟ್ ಮಾಡಬೇಡ. ನಂಬರ್, ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರೊಬ್ಬರ ಹತ್ತಿರ ಇಡು. ಉತ್ತರ ಕೊಡಬೇಡ, ಬೈಯಲೂ ಹೋಗಬೇಡ.

18 ತುಂಬುವವರೆಗೆ ನೀನು 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಲ್ಲಿದ್ದೀಯ. ಲೈಂಗಿಕ ಉದ್ದೇಶದಿಂದ ಫೋನಿನಲ್ಲಿ ಮತ್ತೆ ಮತ್ತೆ ಬೆನ್ನು ಬೀಳುವುದೂ ಅದರಲ್ಲಿ ಅಪರಾಧ. 3 ವರ್ಷದವರೆಗೆ ಜೈಲಾಗಬಹುದು. ವಿಷಯ ಗೊತ್ತಾದ ಪ್ರಿನ್ಸಿಪಾಲ್ ಪೊಲೀಸರಿಗೆ ತಿಳಿಸಲೇಬೇಕು. ‘ಕಾಲೇಜಿನ ಮರ್ಯಾದೆ, ಒಳಗೇ ಮುಗಿಸೋಣ’ ಅಂತ ಮುಚ್ಚಿಟ್ಟರೆ ಅದೂ ಅಪರಾಧ. ಆಂತರಿಕ ಸಮಿತಿ ಇದೆ ಅಂತ ಪೊಲೀಸ್ ದೂರು ತಪ್ಪಿಸುವ ಹಾಗಿಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಹೋಗಲ್ಲ. ಅಮ್ಮನಿಗಿಂತ ಅತ್ತೆಗೋ ಚಿಕ್ಕಮ್ಮನಿಗೋ ಮೊದಲು ಹೇಳುವುದು ಸುಲಭ ಅನಿಸಿದರೆ ಹಾಗೇ ಮಾಡು. ನೀನು ಸ್ಟೇಷನ್ನಿಗೇ ಹೋಗಬೇಕು ಅಂತಿಲ್ಲ. ಹೇಳಿಕೆಯನ್ನು ನಿನ್ನ ಮನೆಯಲ್ಲೋ ನೀನು ಹೇಳಿದ ಜಾಗದಲ್ಲೋ, ಯೂನಿಫಾರ್ಮ್ ಹಾಕದೆ, ಆದಷ್ಟೂ ಮಹಿಳಾ ಅಧಿಕಾರಿಯೇ ಬಂದು ಬರೆದುಕೊಳ್ಳಬೇಕು. ನಿನ್ನ ಹೆಸರು, ಫೋಟೋ, ಕಾಲೇಜು ಗುರುತು ಸಿಗುವ ಹಾಗೆ ಪೇಪರಿನಲ್ಲಿ ಹಾಕುವಂತಿಲ್ಲ. ಮದುವೆಯ ಭಯವನ್ನೂ 1098ರವರಿಗೆ ಅದೇ ಫೋನಿನಲ್ಲಿ ಹೇಳು. 18ಕ್ಕೆ ಮುಂಚೆ ಹುಡುಗಿಗೆ ಮದುವೆ ಮಾಡಿಸಿದ ದೊಡ್ಡವರ ಮೇಲೆ ಕೇಸಾಗುತ್ತದೆ, ಕರ್ನಾಟಕದಲ್ಲಿ ಅಂಥ ಮದುವೆ ಊರ್ಜಿತವೇ ಅಲ್ಲ. ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಮಾತಾಡಿ ಅಂತ ಅವರನ್ನೇ ಕೇಳು.