ಮುಂಬೈ ಕನ್ನಡ ಶಾಲೆಯಲ್ಲಿ ಯಾರ ಪಠ್ಯ?

ಮುಂಬೈಯ ಕನ್ನಡ ಶಾಲೆಗಳಲ್ಲಿ ಕರ್ನಾಟಕದ ಪುಸ್ತಕವೇ ಇರುತ್ತಾ ಅಂತ ಕೇಳಿದ್ದೀರಿ. ಇಲ್ಲ. ಪುಸ್ತಕ ಕನ್ನಡದ್ದೇ, ಆದರೆ ಬರುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯಿಂದ. ಮಹಾರಾಷ್ಟ್ರದ ಪಠ್ಯವನ್ನೇ ಕನ್ನಡಕ್ಕೆ ತಂದು ಅಚ್ಚು ಹಾಕುತ್ತಾರೆ. ಇಲ್ಲಿ ನಾಲ್ಕನೇ ಕ್ಲಾಸಿನ ಇತಿಹಾಸ ಅಂದರೆ ಎಷ್ಟೋ ವರ್ಷಗಳಿಂದ ಶಿವಾಜಿ ಮಹಾರಾಜರ ಕಥೆ. ಪ್ರತಾಪಗಡ, ಅಫ್ಜಲ್ ಖಾನ್ ಎಲ್ಲವನ್ನೂ ನಮ್ಮ ಹುಡುಗರು ಕನ್ನಡದಲ್ಲೇ ಬಾಯಿಪಾಠ ಮಾಡುತ್ತಾರೆ. ಮೇ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಮಕ್ಕಳು ರಾಣಿ ಅಬ್ಬಕ್ಕನ ಮಾತು ತೆಗೆದರೆ ಕಣ್ಣು ಕಣ್ಣು ಬಿಡುತ್ತಾರೆ. ಹಾಗಂತ ನನಗೇನೂ ಬೇಜಾರಿಲ್ಲ. ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿತ್ತು. ಅವರ ಸಮಾಧಿ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿದೆ. ನಿಮ್ಮ ಕಡೆ ಎಷ್ಟು ಮಕ್ಕಳಿಗೆ ಇದು ಗೊತ್ತು, ಹೇಳಿ?

ಇನ್ನು ರಾಷ್ಟ್ರೀಯ ಪಠ್ಯಕ್ರಮದ ಗಲಾಟೆ. 2020ರ ಶಿಕ್ಷಣ ನೀತಿ, ಸಾಧ್ಯವಾದ ಕಡೆ ಐದನೇ ಕ್ಲಾಸಿನ ತನಕವಾದರೂ ಮನೆಮಾತಿನಲ್ಲಿ ಕಲಿಸಿ ಅಂತು. 2023ರ ಪಠ್ಯಕ್ರಮ ಚೌಕಟ್ಟು ಮೂರು ಭಾಷೆ ಅಂತು. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠಿ, ಇಂಗ್ಲಿಷ್ ಮಾಧ್ಯಮದವರಿಗೆ ಒಂದನೇ ಕ್ಲಾಸಿನಿಂದಲೇ ಹಿಂದಿ ಅಂದಾಗ ದೊಡ್ಡ ಜಗಳವಾಯಿತು. ಜೂನ್ ಕೊನೆಗೆ ಆದೇಶ ವಾಪಸ್, ಇದನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅವರ ಸಮಿತಿ ಬಂತು. ಎಳೆ ಮಕ್ಕಳಿಗೆ ಮೂರು ಭಾಷೆ ಹೊರೆ ಅಂತ ಎಲ್ಲರೂ ಮಾತಾಡಿದ್ದೇ ಮಾತಾಡಿದ್ದು. ನಮ್ಮ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಅಂತ ಮೊದಲಿಂದ ಮೂರು ಹೊತ್ತೇ ಬಂದವರು. ಅವರ ಹೊರೆಯನ್ನು ಯಾರೂ ತೂಕ ಹಾಕಲಿಲ್ಲ!

ಅದರಲ್ಲೂ ಮನೆಯಲ್ಲಿ ತುಳುವೋ ಲಂಬಾಣಿಯೋ ಆದರೆ ಕನ್ನಡವೂ ಶಾಲೆಯಲ್ಲೇ ಕಲಿಯುವ ಭಾಷೆ. ಧಾರಾವಿ ಕಡೆ ಕಲಬುರಗಿಯಿಂದ ದುಡಿಯಲು ಬಂದವರ ಮಕ್ಕಳಿಗೆ ಪುಸ್ತಕದ ಕನ್ನಡಕ್ಕಿಂತ ಗಲ್ಲಿಯ ಹಿಂದಿಯೇ ಸಲೀಸು.

ಹಿಂದಿ ಬೇಕೋ ಬೇಡವೋ ಅನ್ನುವ ಚರ್ಚೆ ನಡೆಯಲಿ, ಬೇಡ ಅನ್ನಲ್ಲ. ಆದರೆ ನಮ್ಮ ಚಿಂತೆ ಬೇರೆ. ಕನ್ನಡ ಮೇಷ್ಟ್ರು ರಿಟೈರ್ ಆದರೆ ಆ ಜಾಗಕ್ಕೆ ಯಾರು ಬರುತ್ತಾರೆ? ಮಕ್ಕಳು ಕಮ್ಮಿಯಾದರು ಅಂತ ತರಗತಿ ಮುಚ್ಚಿದರೆ ಮನೆಮಾತಿನ ನೀತಿ ಕಾಗದದಲ್ಲೇ ಉಳಿಯುತ್ತದೆ, ಅಲ್ವಾ? ತಪ್ಪೆಲ್ಲ ಸರ್ಕಾರದ್ದೇ ಅಂತಲೂ ಅಲ್ಲ. ಸಂಘದ ವೇದಿಕೆಯಲ್ಲಿ ಕನ್ನಡ ಉಳಿಸಿ ಅನ್ನುವ ನಮ್ಮವರೇ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ.

ನಿಮಗೆ ಇಲ್ಲಿಗೆ ವರ್ಗವಾಗುತ್ತಿದೆ ಅಂದಿರಲ್ಲ, ಪಾಲಿಕೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಮನೆ ಹುಡುಕುವ ಮೊದಲು ಶಾಲೆ ಎಲ್ಲಿದೆ, ನಿಮ್ಮ ಮಗನ ತರಗತಿ ನಡೆಯುತ್ತಿದೆಯಾ ವಿಚಾರಿಸಿ. ಯಾವ ಮಾಧ್ಯಮಕ್ಕೆ ಹಾಕಿದರೂ ಮರಾಠಿ ಕಡ್ಡಾಯ. ಈಗಿಂದಲೇ ಅ ಆ ಇ ಈ ಶುರು ಮಾಡಿಸಿ.